ಮೆಣಸಿನ ಗಿಡದ ನಂಜುರೋಗಕ್ಕೆ ಎಣ್ಣೆಯೇಕೆ ಇಲ್ಲ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮೆಣಸಿನ ಎಲೆ ಮುದುಡಿತೆಂದರೆ ರೈತರು ಕೇಳುವ ಮೊದಲ ಪ್ರಶ್ನೆ: “ಸಾಹೇಬರ, ಯಾವ ಎಣ್ಣಿ ಹೊಡೀಬೇಕ್ರಿ?”

ಎಲೆಯ ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಇವೆರಡಕ್ಕೂ ಔಷಧಿಯುಂಟು. ಆದರೆ ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಹೆಣೆದುಕೊಂಡು ಗಿಡ ಗಿಡ್ಡಾಗಿ ಉಳಿದರೆ ಅದು ನಂಜುರೋಗ. ಅದಕ್ಕೆ ಔಷಧಿಯಿಲ್ಲ. ಏಕೆಂಬುದನ್ನು ತಿಳಿದರೆ ವ್ಯರ್ಥ ಖರ್ಚು ಉಳಿದೀತು.

ಈ ರೋಗ ತರುವ ನಂಜುಗಳಲ್ಲಿ ಸೌತೆ ಮೊಸಾಯಿಕ್ ನಂಜು ಒಂದು. ನಂಜಿಗೆ ಸ್ವಂತ ಜೀವಕೋಶವಿಲ್ಲ. ಬೇರೊಬ್ಬರ ಮನೆಯಲ್ಲಿ, ಅವರದೇ ಪಾತ್ರೆಯಲ್ಲಿ ಅಡಿಗೆ ಮಾಡಿಕೊಳ್ಳುವ ಜಾತಿ. ಗಿಡದ ಜೀವಕೋಶದೊಳಗೆ ರಸ ತುಂಬಿದ ಚೀಲವೊಂದಿದೆ. ಈ ನಂಜು ಆ ಚೀಲದ ಪೊರೆಗೆ ಅಂಟಿಕೊಂಡು ತನ್ನ ಪ್ರತಿಗಳನ್ನು ತಯಾರಿಸುತ್ತದೆ. ಪೊರೆಯ ಮುಖ್ಯ ಭಾಗವೇ ಕೊಬ್ಬು.

ಕೊಬ್ಬಿನ ಗುಣ ಬದಲಾದರೆ ಏನಾದೀತು? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಾಲ್ ಆಲ್‌ಕ್ವಿಸ್ಟ್ ಮತ್ತು ಸಂಗಡಿಗರು ಸೌತೆ ನಂಜಿನ ದಾಯಾದಿಯಾದ ಬ್ರೋಮ್ ಮೊಸಾಯಿಕ್ ನಂಜನ್ನು ಯೀಸ್ಟಿನಲ್ಲಿಟ್ಟು ಇದನ್ನು ಪರೀಕ್ಷಿಸಿದರು. ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ, ಶೇಂಗಾ ಎಣ್ಣೆ ಹರಿಯುತ್ತಲೇ ಇರುತ್ತದೆ. ಎಣ್ಣೆಯನ್ನು ಹೀಗೆ ತೆಳುವಾಗಿಡುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಪೊರೆಯಲ್ಲೂ ಇವೆ. ಯೀಸ್ಟಿನಲ್ಲಿ ಇವು ಕಡಿಮೆಯಾದಾಗ ಯೀಸ್ಟ್ ಬೆಳೆಯಿತು, ನಂಜಿನ ವೃದ್ಧಿ ಮಾತ್ರ ಬಹುಮಟ್ಟಿಗೆ ನಿಂತಿತು. ಇದು 2001ರಲ್ಲಿ ಪ್ರಕಟವಾಯಿತು. ತಾನು ಬೀಡುಬಿಟ್ಟ ಕಡೆ ಹೆಚ್ಚು ಕೊಬ್ಬು ತಯಾರಾಗುವಂತೆ ಅದೇ ನಂಜು ಮಾಡುತ್ತದೆಂಬುದು 2016ರಲ್ಲಿ ತಿಳಿಯಿತು.

ಆದರೆ ಇದು ಪ್ರಯೋಗಶಾಲೆಯ ಮಾತು. ಹೊಲದಲ್ಲಿ ಆ ಕೊಬ್ಬು ಗಿಡಕ್ಕೂ ಬೇಕು. ಅದನ್ನು ತಡೆಯುವ ಔಷಧಿ ಹೊಡೆದರೆ ಗಿಡವೇ ಸೊರಗೀತು.

ಹಾಗಾದರೆ ನಂಜು ಒಳಹೊಗದಂತೆ ತಡೆಯಬೇಕು. ಇದನ್ನು ಹೊತ್ತು ತರುವುದು ಸಸ್ಯಹೇನು. ರೋಗದ ಗಿಡವನ್ನು ಕೆಲವು ಸೆಕೆಂಡು ಚುಚ್ಚಿದರೆ ಸಾಕು, ಮುಂದಿನ ಗಿಡಕ್ಕೆ ನಂಜು ದಾಟುತ್ತದೆ. ಕೀಟನಾಶಕ ಹೇನನ್ನು ಕೊಲ್ಲುವ ಮೊದಲೇ ಕೆಲಸ ಮುಗಿದಿರುತ್ತದೆ. ಆದುದರಿಂದ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿರಿ. ನಾಟಿಗೆ ಮೊದಲೇ ಹೊಲದ ಸುತ್ತ ಎರಡು–ಮೂರು ಸಾಲು ಜೋಳ ಅಥವಾ ಗೋವಿನಜೋಳ ಬಿತ್ತಿರಿ. ಹೇನು ಮೊದಲು ಅಲ್ಲಿ ಕುಳಿತು ಚುಚ್ಚಿ, ಬಾಯಲ್ಲಿದ್ದ ನಂಜನ್ನು ಅಲ್ಲೇ ಕಳೆದುಕೊಳ್ಳುತ್ತದೆ. ರೋಗ ಕಂಡ ಎಳೆಯ ಗಿಡವನ್ನು ಕಿತ್ತು ಹೂಳಿರಿ. ನಾಲ್ಕು ಕಾಯಿ ಬಿಟ್ಟಾವೆಂಬ ಆಸೆಗೆ ಅದನ್ನು ಉಳಿಸಿಕೊಳ್ಳುವವರೇ ಹೆಚ್ಚು. ಬದುವಿನ ಕಳೆಯಲ್ಲೂ ನಂಜು ಉಳಿಯುತ್ತದೆ.

ನುಸಿಯೋ ನಂಜೋ ತಿಳಿಯದಿದ್ದರೆ, ಅಂಗಡಿಗೆ ಹೋಗುವ ಮುನ್ನ ನಾಲ್ಕು ಎಲೆಗಳನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿರಿ.