ಕೈಯಲ್ಲೊಂದು ಡ್ರ್ಯಾಗನ್ ಇರಲಿ

ನಮ್ಮ ಸೋದರಮಾವ ರಮ್ಮಿಯಲ್ಲಿ ಪಳಗಿದ ಕೈ. ಮಂಡ್ಯದ ಹತ್ತಿರ ನಮ್ಮೂರು. ಯುಗಾದಿ ಬಂತೆಂದರೆ ಅರಳಿಕಟ್ಟೆ ಮೇಲೆ ಜಮಖಾನ ಹಾಸುವವರು ಅವರೇ, ಹೊಸತೊಡಕಿನ ಬಾಡೂಟ ಮುಗಿಸಿ ಕೊನೆಯ ಕೈ ಆಡಿ ಅದನ್ನು ಮಡಿಸುವವರೂ ಅವರೇ. ನಾನು ಹತ್ತು ವರ್ಷದವನಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟದ್ದು ಒಂದೇ ಮಾತು: "ಮೊದ್ಲು ಎಲೆ ಎತ್ಲಾ, ಆಮೇಲೆ ಯೋಚ್ನೆ ಮಾಡು." ರಮ್ಮಿಗೆ ಅದು ಸರಿಯಾದ ಮಾತೇ. ಆದರೆ 2017ರ ಮಾರ್ಚ್ 31ರ ರಾತ್ರಿ ಅದೇ ಮಾತು ನನ್ನ ಮೂರು ತಿಂಗಳ ದುಡಿಮೆಗೆ ಕೊಳ್ಳಿ ಇಟ್ಟಿತು.

ಇದನ್ನೆಲ್ಲ ಈಗ ಕೆದಕಲು ಕಾರಣ ನಮ್ಮ ಆಡಿಟರ್ ಆಫೀಸಿಗೆ ಆರ್ಟಿಕಲ್‌ಶಿಪ್‌ಗೆ ಬಂದಿರುವ ಹುಡುಗ. ಮೊನ್ನೆ ಊಟದ ಹೊತ್ತಿನಲ್ಲಿ ಫೋನ್ ತೋರಿಸಿ, "ಸಾರ್, ಹಾರ್ತ್‌ಸ್ಟೋನ್‌ನಲ್ಲಿ ಡ್ರ್ಯಾಗನ್ ಡೆಕ್ ಕಟ್ತಿದೀನಿ, ಹದಿನೇಳು ಡ್ರ್ಯಾಗನ್ ಹಾಕಿದೀನಿ" ಅಂದ. ಹಾರ್ತ್‌ಸ್ಟೋನ್ ಎಂದರೆ ಫೋನಿನಲ್ಲಿ ಆಡುವ ಎಲೆಯಾಟ, ಡೆಕ್ ಎಂದರೆ ಅದಕ್ಕೆ ನಾವೇ ಆರಿಸಿಕೊಳ್ಳುವ ಎಲೆಗಳ ಕಟ್ಟು. ಏಳು ತೆಗಿ ಅಂದೆ. ಗೋಡೆ ಮೇಲಿನ ಮನೆದೇವರ ಫೋಟೊ ತೆಗಿ ಅಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಅವನನ್ನು ಬೈಯುವ ಹಕ್ಕು ನನಗಿಲ್ಲ. 2016ರ ಕೊನೆಯಲ್ಲಿ ನಾನು ಕಟ್ಟಿದ ಮೊದಲ ಡೆಕ್ ಅವನದಕ್ಕಿಂತ ಕಡೆ. ಡೆತ್‌ವಿಂಗ್, ಒನಿಕ್ಸಿಯಾ, ಇಸೆರಾ ಎಂದು ಚಿತ್ರದ ಚೆಂದ ನೋಡಿ ತುಂಬಿಕೊಂಡಿದ್ದೆ. ಎಲೆ ಇಳಿಸಲು ತೆರಬೇಕಾದ ಬೆಲೆ ಮಾನಾ, ಮೂರೂ ಒಂಬತ್ತು, ಹತ್ತು ಮಾನಾದ ಎಲೆಗಳು. ಮಾನಾ ಬೆಳೆಯುವುದು ಸರದಿಗೆ ಒಂದರಂತೆ. ಎದುರಿಗೆ ಪೈರೇಟ್ ವಾರಿಯರ್ ಎಂಬ ಚುರುಕು ಡೆಕ್‌ನವನು ಕೂತಿದ್ದರೆ ಐದಾರನೇ ಸರದಿಗೇ ನನ್ನ ಕಥೆ ಮುಗಿದಿರುತ್ತಿತ್ತು, ಡ್ರ್ಯಾಗನ್‌ಗಳು ಕೈಯಲ್ಲೇ ಮದುವೆ ಮನೆ ನೆಂಟರ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಒಮ್ಮೆ ಹೇಗೋ ಹತ್ತನೇ ಸರದಿ ಮುಟ್ಟಿ ಡೆತ್‌ವಿಂಗ್ ಇಳಿಸಿದೆ. ಅದು ಇಳಿದರೆ ಮೇಜಿನ ಮೇಲಿರುವ ಬೇರೆಲ್ಲವೂ ನಾಶ. ಜೊತೆಗೆ ನನ್ನ ಕೈಯಲ್ಲಿರುವ ಎಲೆಗಳೂ ಖಾಲಿ. ಎದುರಾಳಿ ಮಂತ್ರವಾದಿ (ಮೇಜ್) ಒಂದು ಎಲೆ ಹಾಕಿ 12/12ರ, ಅಂದರೆ ಹನ್ನೆರಡು ಏಟು ಹನ್ನೆರಡು ಪ್ರಾಣದ, ಆ ಮಹಾಕಾಯವನ್ನು 1/1ರ ಕುರಿ ಮಾಡಿದ. ಬರಿಗೈಯಲ್ಲಿ ಕುರಿ ಕಾಯುತ್ತ ಕೂತೆ.

ಗೆಲ್ಲುವವರ ಡೆಕ್ ನೋಡಿದ ಮೇಲೆ ಗುಟ್ಟು ಗೊತ್ತಾಯಿತು. ಆ ಕಾಲದ ಡ್ರ್ಯಾಗನ್ ಪ್ರೀಸ್ಟ್ ಡೆಕ್‌ನಲ್ಲಿ ಡ್ರ್ಯಾಗನ್‌ಗೆ ಮೇಜಿಗಿಂತ ಕೈಯಲ್ಲೇ ಬೆಲೆ. ಟ್ವೈಲೈಟ್ ವೆಲ್ಪ್ ಒಂದು ಮಾನಾಗೆ 2/1ರ ಮರಿ. ಕೈಯಲ್ಲಿ ಇನ್ನೊಂದು ಡ್ರ್ಯಾಗನ್ ಇದ್ದರೆ 2/3. ಡ್ರಾಕೊನಿಡ್ ಆಪರೇಟಿವ್ ಐದು ಮಾನಾಗೆ 5/6. ಕೈಯಲ್ಲಿ ಡ್ರ್ಯಾಗನ್ ಇದ್ದರೆ ಎದುರಾಳಿಯ ಡೆಕ್‌ನಿಂದ ಮೂರು ಎಲೆ ತೋರಿಸಿ, ಬೇಕಾದ ಒಂದರ ನಕಲು ತಂದುಕೊಡುತ್ತದೆ. ಬ್ಲ್ಯಾಕ್‌ವಿಂಗ್ ಕರಪ್ಟರ್ ತಾನು ಡ್ರ್ಯಾಗನ್ ಅಲ್ಲ. ಐದು ಮಾನಾ, 5/4. ಕೈಯಲ್ಲಿ ಡ್ರ್ಯಾಗನ್ ಇದ್ದರೆ ಇಳಿಯುವಾಗಲೇ ಬೇಕಾದವರಿಗೆ ಮೂರು ಏಟು. ಷರತ್ತು ಕೂಡಿಬಂದರೆ ಎಲೆಯ ಅಂಚು ಹಳದಿಯಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ಬರೀ ಹಸಿರು. ಈ ಹಳದಿ ಹಸಿರಿನ ಸಂಗತಿ ಮುಂದೆ ಬರುತ್ತದೆ.

ಎಷ್ಟು ಡ್ರ್ಯಾಗನ್ ಬೇಕು? ಎಕ್ಸೆಲ್‌ನಲ್ಲೇ ಬದುಕುವವನು ನಾನು, ಹಾಕಿ ನೋಡಿದೆ. 30 ಎಲೆಯ ಡೆಕ್‌ನಲ್ಲಿ 6 ಡ್ರ್ಯಾಗನ್ ಇದ್ದರೆ ಮೊದಲ ನಾಲ್ಕು ಎಲೆಯಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು 61%. ಹತ್ತಕ್ಕೆ ಏರಿಸಿದರೆ 82%. ಅದರಾಚೆ ಸೇರಿಸಿದಷ್ಟೂ ಸಿಗುವ ಲಾಭ ಕಡಿಮೆ, ಅಗ್ಗದ ಎಲೆಗೆ ಜಾಗವೂ ಇಲ್ಲ. ಹಾಗಾಗಿ ಹತ್ತು: ವೆಲ್ಪ್ ಎರಡು, ಟ್ವೈಲೈಟ್ ಗಾರ್ಡಿಯನ್ ಎರಡು, ಆಪರೇಟಿವ್ ಎರಡು, ಅಜೂರ್ ಡ್ರೇಕ್ ಎರಡು, ಬುಕ್ ವಿರ್ಮ್ ಒಂದು, ಕೊನೆಗೆ ರಾಣಿಯಂತೆ ಇಸೆರಾ ಒಂದು. ಉಳಿದ ಇಪ್ಪತ್ತು ಇವುಗಳ ಚಾಕರಿಗೆ.

ಲೆಕ್ಕ ಸುಲಭ, ಎಲೆ ಒದಗಿಸುವುದು ಕಷ್ಟ. ದುಡ್ಡು ಹಾಕಿ ಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದೆ. ಈ ಹಟವೇ ನನ್ನ ಮೊದಲ ಶತ್ರು, ಮಾವನದು ಎರಡನೇ ಸ್ಥಾನ. ಗಾರ್ಡಿಯನ್ ಎಪಿಕ್ ದರ್ಜೆಯದು, ಒಂದನ್ನು ಮಾಡಿಕೊಳ್ಳಲು 400 ಡಸ್ಟ್, ಅಂದರೆ ಬೇರೆ ಎಲೆ ಒಡೆದರೆ ಸಿಗುವ ಪುಡಿ, ಬೇಕು. ಎರಡಕ್ಕೆ 800. 1600 ಡಸ್ಟ್ ಸುರಿದು ಮಾಡಿಕೊಂಡಿದ್ದ ಲೆಜೆಂಡರಿ ದರ್ಜೆಯ ಡೆತ್‌ವಿಂಗನ್ನು ಒಡೆದೆ, ಸಿಕ್ಕಿದ್ದು 400. ಒನಿಕ್ಸಿಯಾ ಒಡೆದೆ, ಇನ್ನೊಂದು 400. ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಸವಕಳಿ. ಯಾವ ಕಕ್ಷಿದಾರರು ಇಂಥ ಲೆಕ್ಕ ತಂದಿದ್ದರೂ ನಮ್ಮ ಸಾಹೇಬರು ಫೈಲ್ ಎಸೆಯುತ್ತಿದ್ದರು.

ವೆಲ್ಪ್ ಮತ್ತು ಕರಪ್ಟರ್ ಡಸ್ಟ್‌ನಿಂದಲೂ ಆಗುತ್ತಿರಲಿಲ್ಲ. ಅವು ಆಗ ಬರುತ್ತಿದ್ದದ್ದು ಬ್ಲ್ಯಾಕ್‌ರಾಕ್ ಮೌಂಟನ್ ಎಂಬ ಸಾಹಸ ಯಾತ್ರೆಯಲ್ಲಿ. ಅದರಲ್ಲಿ ಐದು ಭಾಗ, ಭಾಗಕ್ಕೆ 700 ಚಿನ್ನ, ಒಟ್ಟು 3500. ದಿನದ ಕ್ವೆಸ್ಟ್ ಮುಗಿಸಿದರೆ ಆಗ ಹೆಚ್ಚಾಗಿ ಸಿಗುತ್ತಿದ್ದದ್ದು 40 ಅಥವಾ 60. ಮೇಲೆ ಮೂರು ಗೆಲುವಿಗೆ 10. ಸಂತೆಯಲ್ಲಿ ಚಿಲ್ಲರೆ ಕೂಡಿಸಿದ ಹಾಗೆ ಕೂಡಿಸಿದೆ. ಐದನೇ ಭಾಗ ಕೊಂಡದ್ದು ಶಿವರಾತ್ರಿಯ ರಾತ್ರಿ. ದೇವಸ್ಥಾನದ ಮೈಕಿನಲ್ಲಿ ಭಜನೆ ಕೇಳುತ್ತಿತ್ತು, ಅಮ್ಮ ನಾನೂ ಜಾಗರಣೆ ಮಾಡುತ್ತಿದ್ದೇನೆಂದು ಖುಷಿಯಲ್ಲಿದ್ದಳು. ಮಾಡಿದ್ದು ನಿಜ, ಬೆಳಗಿನ ನಾಲ್ಕರವರೆಗೂ.

ಆ ತಿಂಗಳಲ್ಲೇ ಆಟದ ಕಂಪನಿಯ ಒಂದು ಪ್ರಕಟಣೆ ಬಂದಿತ್ತು. ಅದನ್ನು ನಾನು ಓದಲಿಲ್ಲ. ಆಮೇಲೆ ಹೇಳುತ್ತೇನೆ.

ಮಾರ್ಚ್‌ನಲ್ಲಿ ಏರತೊಡಗಿದೆ. ರ್‍ಯಾಂಕ್ 25ರಿಂದ ಶುರುವಾಗಿ 1ರವರೆಗೆ, ಅದರ ಮೇಲೆ ಲೆಜೆಂಡ್, ಆಗಿನ ಏಣಿ ಹಾಗಿತ್ತು. ಐದನೇ ರ್‍ಯಾಂಕ್ ತನಕ ಸತತ ಗೆಲುವಿಗೆ ಹೆಚ್ಚುವರಿ ನಕ್ಷತ್ರ ಸಿಗುತ್ತಿತ್ತು. ಅಲ್ಲಿಂದ ಮುಂದೆ ಗೆದ್ದರೆ ಒಂದು ಬಂತು, ಸೋತರೆ ಒಂದು ಹೋಯಿತು. ಮಂಗ ಕಂಬ ಹತ್ತಿದ ಲೆಕ್ಕ. ಯುಗಾದಿ ದಿನ ಮೂರನೇ ರ್‍ಯಾಂಕಿನಲ್ಲಿದ್ದೆ. ಅರಳಿಕಟ್ಟೆಯ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದವನನ್ನು ನೋಡಿ ಮಾವ, "ಏನ್ಲಾ, ಹಬ್ಬದ ದಿನ ಒಬ್ನೇ ಕೂತ್ಕಂಡು ಇಸ್ಪೀಟಾ? ಎದುರಿಗೆ ಆಳೇ ಇಲ್ದಿದ್ರೆ ಮುಖ ಹೆಂಗ್ಲಾ ನೋಡ್ತೀಯ?" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

31ರಂದು ವರ್ಷಾಂತ್ಯ. ಆಫೀಸಿನಿಂದ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಕಣ್ಣು ಮುಚ್ಚಿದರೆ ಟ್ಯಾಲಿಯ ಸಾಲುಗಳೇ ಕಾಣುತ್ತಿದ್ದವು. ಅಮ್ಮ ಮುಚ್ಚಿಟ್ಟಿದ್ದ ಮುದ್ದೆ ಕಲ್ಲಾಗಿತ್ತು, ಅರ್ಧ ತಿಂದೆ. ಫೋನ್ ಚಾರ್ಜ್ 9%. ಚಾರ್ಜರ್ ವೈರ್ ಗಿಡ್ಡ, ಹಾಗಾಗಿ ಸಾಕೆಟ್ ಪಕ್ಕ ನೆಲದ ಮೇಲೇ ಕೂತೆ. ಮೊದಲ ರ್‍ಯಾಂಕ್, ಐದಕ್ಕೆ ಐದೂ ನಕ್ಷತ್ರ. ನಾನಾಡುತ್ತಿದ್ದ ಸರ್ವರ್ ಲೆಕ್ಕದಲ್ಲಿ ಸೀಸನ್ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಇನ್ನೊಂದೇ ಒಂದು ಆಟ ಗೆದ್ದರೆ ಲೆಜೆಂಡ್.

ಎದುರಾಳಿ ಜೇಡ್ ಡ್ರೂಯಿಡ್. ಅವನ ಹಸಿರು ಕಲ್ಲಿನ ಗೊಂಬೆಗಳು ಒಂದಕ್ಕಿಂತ ಒಂದು ದೊಡ್ಡದಾಗಿ ಬರುತ್ತವೆ, ಡೆಕ್ ಖಾಲಿಯಾಗುವುದೇ ಇಲ್ಲ. ಆಟ ಎಳೆದಷ್ಟೂ ಅವನೇ ಗೆಲ್ಲುವುದು. ಹಾಗಾಗಿ ಮೊದಲಿನಿಂದಲೂ ಮುಖಕ್ಕೇ ಹೊಡೆದುಕೊಂಡು ಬಂದಿದ್ದೆ. ಹತ್ತು ಮಾನಾ ತುಂಬಿದ ಮೇಲೆ ಬಂದ ಸರದಿ. ಅವನಿಗೆ ಉಳಿದ ಪ್ರಾಣ ಮೂರು, ಕವಚ ಸೊನ್ನೆ. ನನ್ನ ಕಡೆ ಮೇಜು ಖಾಲಿ. ಅವನ ಕಡೆ ಎರಡು ಗೊಂಬೆ, ಒಂದೊಂದೂ ಮುಂದಿನ ಸರದಿಗೆ ನನ್ನನ್ನು ಮುಗಿಸುವಷ್ಟು ದೊಡ್ಡದು. ನನ್ನ ಕೈಯಲ್ಲಿ ಇದ್ದದ್ದು ಎರಡೇ ಎಲೆ: ಅಜೂರ್ ಡ್ರೇಕ್, ಐದು ಮಾನಾ. ಬ್ಲ್ಯಾಕ್‌ವಿಂಗ್ ಕರಪ್ಟರ್, ಐದು ಮಾನಾ.

ಕರಪ್ಟರ್ ಹಳದಿಯಾಗಿ ಹೊಳೆಯುತ್ತಿತ್ತು.

ಓದುತ್ತಿರುವ ನಿಮಗೆ ಈಗಾಗಲೇ ಗೊತ್ತಾಗಿದೆ. ನನಗೂ ಗೊತ್ತಿತ್ತು. ಮೂರು ಏಟು, ಮೂರು ಪ್ರಾಣ. ಗೆದ್ದೆ ಎಂದು ತಿಳಿದು ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆಗ ಬಾರದ ಯೋಚನೆಯೆಲ್ಲ ಬಂತು. ಅವನು ಏನಾದರೂ ಬಚ್ಚಿಟ್ಟಿದ್ದಾನಾ? ನಾನು ಪ್ರಾಣದ ಅಂಕಿ ಸರಿಯಾಗಿ ಓದಿದೆನಾ? ಅಷ್ಟರಲ್ಲಿ ಮೇಜಿನ ನಡುವಿನ ಹಗ್ಗಕ್ಕೆ ಬೆಂಕಿ ಹತ್ತಿತು, ಸಮಯ ಮುಗಿಯುತ್ತಿದೆ ಎಂದು ಅರ್ಥ. ಅಜೂರ್ ಡ್ರೇಕ್ ಇಳಿದರೆ ಒಂದು ಎಲೆ ಎತ್ತಿಕೊಡುತ್ತದೆ. ತಿಂಗಳಿಡೀ ನಾನು ಡ್ರೇಕನ್ನೇ ಮೊದಲು ಇಳಿಸಿದವನು. ಆಗೆಲ್ಲ ಕೈಯಲ್ಲಿ ಮತ್ತೊಂದೆರಡು ಡ್ರ್ಯಾಗನ್ ಇರುತ್ತಿದ್ದವು. ಹೇಗೂ ಎರಡಕ್ಕೂ ಮಾನಾ ಇದೆ, ಯಾವುದು ಮೊದಲಾದರೇನು? ಮೊದ್ಲು ಎಲೆ ಎತ್ಲಾ, ಆಮೇಲೆ ಯೋಚ್ನೆ ಮಾಡು. ಮಾವನ ದನಿ ಕಿವಿಯಲ್ಲೇ ಕೇಳಿದಂತಾಯಿತು.

ಡ್ರೇಕ್ ಇಳಿಸಿದೆ.

ಅದು ರೆಕ್ಕೆ ಬಡಿದು ಕೂತಿತು. ಎಲೆ ಬಂತು. ಪವರ್ ವರ್ಡ್ ಶೀಲ್ಡ್. ಡ್ರ್ಯಾಗನ್ ಅಲ್ಲ. ಕೈ ನೋಡಿಕೊಂಡೆ. ಕರಪ್ಟರ್ ಅಂಚು ಹಸಿರಾಗಿತ್ತು.

ಹಸಿರು. ಹಳದಿ ಹೋಗಿತ್ತು. ಇದ್ದ ಒಂದೇ ಡ್ರ್ಯಾಗನನ್ನು ನನ್ನ ಕೈಯಾರೆ ಮೇಜಿನ ಮೇಲೆ ಇಟ್ಟಿದ್ದೆ. ಇಳಿಸಿದ ಎಲೆಯನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಗ್ಗ ಉರಿದು ಬರುತ್ತಿತ್ತು. ಆದರೂ ಕರಪ್ಟರ್ ಇಳಿಸಿದೆ, ಆಟವೇ ತಪ್ಪು ಮಾಡಿ ನನಗೆ ಕೊಟ್ಟೀತೇನೋ ಎಂಬ ಆಸೆ. ಅದು ಏನೂ ಮಾಡದೆ ಸುಮ್ಮನೆ ಬಂದು ನಿಂತಿತು. ಮುಂದಿನ ಸರದಿಯಲ್ಲಿ ಗೊಂಬೆಗಳು ನನ್ನನ್ನು ತುಳಿದವು. ಎದುರಾಳಿ ತುಳಿಯುವ ಮೊದಲು ಶಿಷ್ಟಾಚಾರಕ್ಕೆ "ಚೆನ್ನಾಗಿ ಆಡಿದಿರಿ" ಎಂಬ ಸಂದೇಶ ಒತ್ತಿದ. ಅದು ಇವತ್ತಿಗೂ ಉರಿಯುತ್ತದೆ.

ಆಮೇಲೆ ಡೆಕ್ ಎಣಿಸಿದೆ. ಉಳಿದಿದ್ದು ಎಂಟು ಎಲೆ, ಅದರಲ್ಲಿ ಡ್ರ್ಯಾಗನ್ ಎರಡು. ನೂರಕ್ಕೆ ನೂರು ಇದ್ದ ಗೆಲುವನ್ನು ನೂರಕ್ಕೆ ಇಪ್ಪತ್ತೈದಕ್ಕೆ ಮಾರಿದ್ದೆ. ಅಲ್ಲಿಗೆ ಫೋನ್ ಕೆಳಗಿಟ್ಟು ಮಲಗಬೇಕಿತ್ತು. ಮಲಗಲಿಲ್ಲ. ರೊಚ್ಚಿನಲ್ಲಿ ಆಡುತ್ತ ಹೋಗಿ, ಸೀಸನ್ ಮುಗಿಯುವ ಹೊತ್ತಿಗೆ ಮೂರನೇ ರ್‍ಯಾಂಕಿಗೆ ಬಿದ್ದಿದ್ದೆ.

ಮುಂದಿನ ತಿಂಗಳು ನೋಡಿಕೊಂಡರಾಯಿತು ಎಂದುಕೊಂಡೆ. ಓದದೆ ಬಿಟ್ಟ ಪ್ರಕಟಣೆ ಈಗ ಮುಖಕ್ಕೆ ಬಡಿಯಿತು. ಏಪ್ರಿಲ್ ಮೊದಲ ವಾರ ಅನ್‌ಗೊರೊ ಎಂಬ ಹೊಸ ಸೆಟ್ ಬಂತು. 2015ರ ಸೆಟ್‌ಗಳೆಲ್ಲ, ಬ್ಲ್ಯಾಕ್‌ರಾಕ್ ಸೇರಿ, ನಾನಾಡುತ್ತಿದ್ದ ಸ್ಟ್ಯಾಂಡರ್ಡ್ ವಿಭಾಗ ಬಿಟ್ಟು ವೈಲ್ಡ್ ಎಂಬ ಹಳೇ ಮಾಲಿನ ಗೋದಾಮಿಗೆ ಹೋದವು. ನನ್ನ ವೆಲ್ಪ್, ಗಾರ್ಡಿಯನ್, ಕರಪ್ಟರ್ ಎಲ್ಲವೂ. ಅಜೂರ್ ಡ್ರೇಕ್ ಹಾಲ್ ಆಫ್ ಫೇಮ್ ಸೇರಿ ಅದೂ ಸ್ಟ್ಯಾಂಡರ್ಡ್‌ನಿಂದ ಹೊರಬಿತ್ತು, ಅದಕ್ಕೆ ಮಾತ್ರ ಪೂರ್ತಿ ಡಸ್ಟ್ ವಾಪಸ್. ಹತ್ತು ಡ್ರ್ಯಾಗನ್‌ನಲ್ಲಿ ಉಳಿದದ್ದು ನಾಲ್ಕು. ಎರಡು ತಿಂಗಳು ಚಿನ್ನ ಕೂಡಿಸಿ ಕೊಂಡ ಎಲೆಗಳನ್ನು ಆಡಿದ್ದು ಬರೀ ಐದು ವಾರ. ಇದರಲ್ಲಿ ಯಾರನ್ನು ದೂರಲಿ? ಫೆಬ್ರವರಿಯಲ್ಲೇ ಡಂಗುರ ಹೊಡೆದಿದ್ದರು. ಕಕ್ಷಿದಾರರಿಗೆ ಸುತ್ತೋಲೆ ಓದಿಲ್ಲವೇ ಎಂದು ಗದರುವವನು ನಾನೇ.

ಹುಡುಗನಿಗೆ ಹೇಳಿದ್ದು ಇಷ್ಟು. ಹೊಸ ವರ್ಷದ ಸೆಟ್ ಬರಲು ಎರಡು ತಿಂಗಳಿದ್ದಾಗ ಹಳೇ ಸೆಟ್‌ಗೆ ಖರ್ಚು ಮಾಡಬೇಡ. ಡ್ರ್ಯಾಗನ್ ಹತ್ತರ ಆಸುಪಾಸು ಸಾಕು. ಒಂದು ಡೆಕ್ ಆರಿಸಿಕೊಂಡು ಲೆಜೆಂಡರಿ ಒಡೆಯುವ ಮೊದಲು ಒಂದು ರಾತ್ರಿ ಮಲಗಿ ಏಳು. ಹಳದಿ ಇದ್ದಾಗ ಹಳದಿಯನ್ನೇ ಮೊದಲು ಆಡು. ಅವನು ತಲೆಯಾಡಿಸಿದ. ಹದಿನೇಳರಿಂದ ಹದಿನೈದಕ್ಕೆ ಇಳಿಸಿದ್ದಾನೆ ಎಂದು ಆಮೇಲೆ ಗೊತ್ತಾಯಿತು.

ಮನೆಯಲ್ಲಿ ಹಾರ್ತ್‌ಸ್ಟೋನನ್ನು ಆಟ ಎಂದು ಒಪ್ಪಿಸಲು 2018 ಬರಬೇಕಾಯಿತು. ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಹಾರ್ತ್‌ಸ್ಟೋನ್‌ನಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದರು. ಆ ಸುದ್ದಿಯನ್ನು ಅಮ್ಮನಿಗೆ ಓದಿ ಹೇಳಿದೆ. "ನಿಂಗ್ಯಾಕೆ ಬರ್ಲಿಲ್ಲ?" ಎಂದಳು. ನನಗೆ ಲೆಜೆಂಡ್ ಸಿಕ್ಕಿದ್ದು 2020ರ ಜನವರಿಯಲ್ಲಿ, ಅದೂ ಹಂಟರ್‌ನ ಡ್ರ್ಯಾಗನ್ ಡೆಕ್‌ನಲ್ಲಿ. ಸಿಕ್ಕಿತು ಅಷ್ಟೇ. ತಪ್ಪಿದ್ದು ನೆನಪಿರುವಷ್ಟು ಸಿಕ್ಕಿದ್ದು ನೆನಪಿಲ್ಲ.

ಆ ವರ್ಷದ ಯುಗಾದಿಗೆ ಊರಿಗೆ ಹೋದವನು ಅಲ್ಲೇ ಸಿಕ್ಕಿಕೊಂಡೆ. ಮಾರ್ಚ್ 25, ಹಬ್ಬದ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್. ಅರಳಿಕಟ್ಟೆ ಖಾಲಿ. ಮಾವ ಜಗುಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದವರು, ಸಂಜೆ ಹೊತ್ತಿಗೆ ತಡೆಯಲಾಗದೆ, "ತತ್ತಾರ್ಲಾ ಅದೇನೋ ನಿನ್ ಫೋನ್ ಇಸ್ಪೀಟು" ಎಂದರು. ವೈಲ್ಡ್‌ನಲ್ಲಿ ಹಳೇ ಡ್ರ್ಯಾಗನ್ ಪ್ರೀಸ್ಟ್ ಡೆಕ್ ಹಾಗೇ ಇತ್ತು, ಅದನ್ನೇ ತೆಗೆದುಕೊಟ್ಟೆ. ಎಂಟನೇ ಸರದಿಗೆಲ್ಲ ಬೆರಳು ಒಗ್ಗಿತು. ಹತ್ತನೆಯದಕ್ಕೆ ಕೈಯಲ್ಲಿ ಎರಡು ಎಲೆ, ಡ್ರೇಕ್ ಮತ್ತು ಕರಪ್ಟರ್. ಕರಪ್ಟರ್ ಹಳದಿ. ನನಗೆ ಮೈ ಬೆವರಿತು.

"ಮಾವ, ಆ ಹಳದಿ ಎಲೆ ಮೊದ್ಲು ಹಾಕಿ."

"ಸುಮ್ಕಿರ್ಲಾ. ಎಲೆ ಎತ್ಕೊಡೋದು ಇದಲ್ವಾ? ಮೊದ್ಲು ಇದು."

ಡ್ರೇಕ್ ಇಳಿಸಿದರು. ಎಲೆ ಬಂತು. ಇಸೆರಾ. ಕರಪ್ಟರ್ ಅಂಚಿನ ಹಳದಿ ಹಾಗೇ ಉಳಿಯಿತು.