ಹಾಲಿನ ದಾರಿ: ಹತ್ತು ನಿಮಿಷದ ಬೆಲೆ



ಮೇವು, ತಳಿ, ರೋಗ ಇವುಗಳ ಬಗ್ಗೆ ಎಷ್ಟೋ ಸಲ ಓದಿದ್ದೀರಿ. ಇಂದಿನ ಪಾಠ ಹಾಲಿನ ಪ್ರಯಾಣದ್ದು. ಹಾಲು ಕೆಚ್ಚಲಿನಿಂದ ಸಂಘಕ್ಕೆ, ಸಂಘದಿಂದ ಗಾಡಿಗೆ, ಗಾಡಿಯಿಂದ ಶೀತಲೀಕರಣ ಕೇಂದ್ರಕ್ಕೆ ಹೋಗುವ ದಾರಿಯಲ್ಲೇ ಎಷ್ಟೋ ಮನೆಗಳ ದುಡಿಮೆ ಹುಳಿಯಾಗಿ ಹೋಗುತ್ತದೆ. ಆ ನಷ್ಟವನ್ನು ತಡೆಯುವ ಕೀಲಿಕೈ ಬಹುಪಾಲು ನಮ್ಮ ಕೈಯಲ್ಲೇ ಇದೆ.

ಹಾಲು ಕೆಡುವುದು ಹೇಗೆ?

ಆಗತಾನೇ ಕರೆದ ಹಾಲಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಶುಚಿಯಾಗಿ ಕರೆದ ಹಾಲಿಗೆ ಮೊದಲ ಎರಡು ಗಂಟೆಯಷ್ಟು ಕಾಲ ತನ್ನದೇ ಕಾವಲು ಇರುತ್ತದೆ. ಆಮೇಲೆ ಆ ಕಾವಲು ಸಡಿಲಾಗುತ್ತದೆ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ, ಕೆಲವು ಇನ್ನೂ ಬೇಗ, ಇಮ್ಮಡಿಯಾಗುತ್ತವೆ. ಒಂದು ಇದ್ದದ್ದು ಎರಡು ಗಂಟೆಯಲ್ಲಿ 16, ಮೂರು ಗಂಟೆಯಲ್ಲಿ 64. ನಮ್ಮ ಭಾಗದ ಬೇಸಿಗೆ ಬಿಸಿಲು 40 ಡಿಗ್ರಿ ಮುಟ್ಟಿದಾಗ ನೆರಳಿಲ್ಲದ ಕಟ್ಟೆಯ ಮೇಲಿಟ್ಟ ಅಲ್ಯೂಮಿನಿಯಂ ಕ್ಯಾನಿನ ಗತಿ ಏನೆಂದು ನೀವೇ ಊಹಿಸಿ.

ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಆದರೆ ಒಂದು ಮಾತು ನೆನಪಿರಲಿ: ಬಲ್ಕ್ ಕೂಲರ್ ಒಳ್ಳೆಯ ಹಾಲನ್ನು ಕಾಯುತ್ತದೆ, ಕೆಟ್ಟ ಹಾಲನ್ನು ಒಳ್ಳೆಯದು ಮಾಡುವುದಿಲ್ಲ. ಒಂದು ಹುಳಿ ಕ್ಯಾನ್ ಬಿದ್ದರೆ ಇಡೀ ಕೂಲರಿನ ಹಾಲಿಗೆ ಅಪಾಯ.

ಒಂದು ಮಾರ್ಗದ ಲೆಕ್ಕ

ಉದಾಹರಣೆಗೆ, ಒಂದು ಹಾಲಿನ ಗಾಡಿಯ ಮಾರ್ಗದಲ್ಲಿ ಎಂಟು ಊರುಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಊರಿನಲ್ಲೂ ಕ್ಯಾನ್ ಸಿದ್ಧವಿಲ್ಲದೆ ಗಾಡಿ 8 ನಿಮಿಷ ಹೆಚ್ಚಿಗೆ ಕಾಯಿತು. ಮೊದಲ ಊರಿನ ಹಾಲು ಗಾಡಿ ಏರಿದ ಮೇಲೆ ಉಳಿದ ಏಳು ಊರುಗಳ ತಡವನ್ನೆಲ್ಲ ತಾನು ಹೊತ್ತುಕೊಳ್ಳುತ್ತದೆ. ಏಳೆಂಟಲಿ 56 ನಿಮಿಷ! ಕೊನೆಯ ಊರಿನ ಹಾಲೂ ಅಷ್ಟೇ ಹೊತ್ತು ಕಟ್ಟೆಯ ಮೇಲೆ ಕಾಯುತ್ತದೆ. ಸೂಕ್ಷ್ಮಾಣುಗಳು ಸುಮಾರು ನಾಲ್ಕು ಪಟ್ಟು ಆಗಲು ಇಷ್ಟು ಸಮಯ ಸಾಕು.

ಕೇಂದ್ರದಲ್ಲಿ ಪರೀಕ್ಷೆ ಮಾಡುವವರಿಗೆ ಯಾವ ಊರು ತಡಮಾಡಿತು ಎಂಬುದು ಕ್ಯಾನ್ ನೋಡಿ ತಿಳಿಯುವುದಿಲ್ಲ. ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ನೀಲಿ ಬಣ್ಣ ಬೇಗ ಮಾಸಿದರೆ ಸೂಕ್ಷ್ಮಾಣು ಹೆಚ್ಚಿವೆ ಎಂದರ್ಥ. ಕಾಯಿಸಿದಾಗ ಒಡೆದರೆ ಹಾಲು ಹಿಂದಕ್ಕೆ. ತಪ್ಪು ಮಾಡಿದ್ದು ಒಂದೂರು, ದಂಡ ತೆತ್ತದ್ದು ಇನ್ನೊಂದೂರು. ಅದಕ್ಕೇ ವೇಳೆ ಪಾಲಿಸುವುದೂ ಸಹಕಾರವೇ.

ಕಬ್ಬಿನ ಹಂಗಾಮು ಮತ್ತು ಹಾಲಿನ ಗಾಡಿ

ನವೆಂಬರ್ ಬಂತೆಂದರೆ ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ ಕಡೆಯ ಕಾರ್ಖಾನೆಗಳತ್ತ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುವ ಟ್ರ್ಯಾಕ್ಟರಿನ ಹಿಂದೆ ಹಾಲಿನ ಗಾಡಿ ಸಿಕ್ಕಿಕೊಂಡರೆ ದಾಟಲು ಜಾಗವೇ ಇಲ್ಲ. ಇಲ್ಲಿ ಬೈಯುವುದಾದರೂ ಯಾರನ್ನು? ಕಬ್ಬು ನಮ್ಮದೇ, ಹಾಲೂ ನಮ್ಮದೇ. ಕಬ್ಬಿನ ವಾಡೆ ತಿಂದ ಎಮ್ಮೆಯ ಹಾಲೇ ಆ ಗಾಡಿಯಲ್ಲಿರುತ್ತದೆ.

ಆದ್ದರಿಂದ ಹಂಗಾಮು ಶುರುವಾಗುವ ಮೊದಲೇ ಸಂಘದ ಆಡಳಿತ ಮಂಡಳಿ, ಗಾಡಿ ಚಾಲಕ ಮತ್ತು ಮಾರ್ಗದ ಮೇಲ್ವಿಚಾರಕರು ಕೂಡಿ ಕುಳಿತು ಬೆಳಗಿನ ವೇಳೆಯನ್ನು ಅರ್ಧ ಗಂಟೆ ಮುಂದಕ್ಕೆ ತರಬಹುದೇ, ಒಳರಸ್ತೆ ಇದೆಯೇ ಎಂದು ನಿರ್ಧರಿಸಬೇಕು. ಕಬ್ಬು ತುಂಬಿದ ಟ್ರೇಲರನ್ನು ರಸ್ತೆಯ ಮೇಲೆ ನಿಲ್ಲಿಸಬೇಡಿ. ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಹಚ್ಚಿ. ನಸುಕಿನಲ್ಲಿ ಹಾಲಿನ ಗಾಡಿ ಓಡಿಸುವವನೂ ಒಂದು ಮನೆಯ ಮಗ.

ಹೊಳೆ ಬಂದಾಗ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಎರಡೂ ಉಕ್ಕಿ ಬಂದಾಗ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಭಾಗದ ಹೊಳೆದಂಡೆಯ ಊರುಗಳು ಕಂಡ ಸಂಕಟ ಹೇಳತೀರದು. 2021ರ ಜುಲೈನಲ್ಲೂ ಪ್ರವಾಹ ಬಂತು. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ನಮ್ಮ ರಸ್ತೆಯನ್ನು ಮುಚ್ಚಬಲ್ಲದು. ಹಿಡಕಲ್ ಜಲಾಶಯದ ನೀರು ಬಿಟ್ಟ ಸುದ್ದಿ ಕೇಳಿದ ದಿನವೇ ಯೋಚಿಸಿದರೆ ತಡವಾಯಿತು. ಜೂನ್ ತಿಂಗಳಲ್ಲೇ ಪ್ರತಿ ಸಂಘ ಮೂರು ವಿಷಯ ಬರೆದಿಡಲಿ: ಸೇತುವೆ ಮುಳುಗಿದರೆ ಹಾಲು ಯಾವ ದಾರಿಯಿಂದ, ಯಾವ ಸಂಘದ ಕೂಲರಿಗೆ ಹೋಗಬೇಕು, ರಾಸುಗಳನ್ನು ಯಾವ ಎತ್ತರದ ಜಾಗಕ್ಕೆ ಹೊಡೆಯಬೇಕು, ಜನರೇಟರಿಗೆ ಡೀಸೆಲ್ ಎಷ್ಟು ದಿನಕ್ಕಿದೆ.

ಪಶು ಆಹಾರದ ಮೂಟೆ

ಗಾಡಿ ಬರುವಾಗ ಬರಿದಾಗಿ ಬರುವುದಿಲ್ಲ. ಪಶು ಆಹಾರವೂ ರಸ್ತೆಯ ಮೇಲೇ ಬರಬೇಕು. ಮಳೆಗಾಲಕ್ಕೆಂದು ಕೂಡಿಟ್ಟ ಮೂಟೆ ತೇವವಾದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಎಮ್ಮೆಯ ಹೊಟ್ಟೆಯಿಂದ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಒಟ್ಟಿ. ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡಿ.

ನೆನಪಿಡಬೇಕಾದ ಅಂಶಗಳು

1. ಕರೆದ ಕೂಡಲೇ ಹಾಲನ್ನು ಸಂಘಕ್ಕೆ ತನ್ನಿ. ನೆರೆಮನೆಯವರು ಬರಲೆಂದು ಕಾಯಬೇಡಿ.
2. ಸಂಜೆಯ ಹಾಲನ್ನು ಬೆಳಗಿನ ಹಾಲಿಗೆ ಎಂದೂ ಬೆರೆಸಬೇಡಿ.
3. ಸ್ಟೀಲ್ ಪಾತ್ರೆಯನ್ನೇ ಬಳಸಿ, ತೊಳೆದು ಬೋರಲು ಹಾಕಿ ಒಣಗಿಸಿ.
4. ಕ್ಯಾನ್ ಕಟ್ಟೆಗೆ ನೆರಳು ಮಾಡಿಸಿ. ಒದ್ದೆ ಗೋಣಿ ಹೊದಿಸಿದರೂ ಆದೀತು.
5. ಗಾಡಿ ಬಂದ ವೇಳೆ, ಹೋದ ವೇಳೆ ಎರಡನ್ನೂ ಪುಸ್ತಕದಲ್ಲಿ ಬರೆಸಿ. ಚಾಲಕನೇ ತಡಮಾಡಿದರೆ ಆ ಪುಸ್ತಕವೇ ನಿಮ್ಮ ಸಾಕ್ಷಿ.

ಸದಸ್ಯರೇ, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದವರು ಇದೇ ನೆಲದ ರೈತರು. ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ ಕಟ್ಟಿದರು. ಹರಿಯುವ ಹೊಳೆಯನ್ನೇ ಒಗ್ಗಟ್ಟಿನಿಂದ ನಿಲ್ಲಿಸಿದ ನಮಗೆ ದಿನಕ್ಕೆ ಹತ್ತು ನಿಮಿಷ ಉಳಿಸುವುದು ದೊಡ್ಡ ಮಾತಲ್ಲ. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ, ನಿಮ್ಮ ಮಾರ್ಗದ ಲೆಕ್ಕವನ್ನು ನೀವೇ ಹಾಕಿ ನೋಡಿ.