ಟ್ರಾಲಿಯ ಮೇಲಿನ ಜನರೇಟರಿಗೆ ಸುರಕ್ಷಿತ ವೈರಿಂಗ್

ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳಲ್ಲಿ ಅಡಿಕೆ ಕೊಯ್ಲು ಮಳೆಗಾಲದ ಕೊನೆಯಲ್ಲಿ ಆರಂಭವಾಗಿ ಚಳಿಗಾಲದವರೆಗೆ ನಡೆಯುತ್ತದೆ. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕು. ಆಳುಗಳ ಕೊರತೆಯಿಂದಾಗಿ, ಸುಲಿಯುವ ಯಂತ್ರವನ್ನು ಟ್ರಾಲಿ ಅಥವಾ ಪಿಕಪ್ ವಾಹನದಲ್ಲಿ ಮನೆಬಾಗಿಲಿಗೆ ಒಯ್ದು ಬಾಡಿಗೆಗೆ ಸುಲಿದುಕೊಡುವ ಪದ್ಧತಿ ಬಳಕೆಗೆ ಬಂದಿದೆ. ಇಂತಹ ಯಂತ್ರಕ್ಕೆ ಕರೆಂಟು ಇರುವಾಗ ರೈತರ ಮನೆಯಿಂದಲೂ, ಇಲ್ಲದಾಗ ವಾಹನದ ಮೇಲಿನ ಜನರೇಟರಿನಿಂದಲೂ ವಿದ್ಯುತ್ ಕೊಡಬಹುದು. ಈ ಎರಡು ಮೂಲಗಳು ಸೇರುವ ಜಾಗದಲ್ಲಿಯೇ ಹೆಚ್ಚಿನ ಅಪಾಯವಿದೆ.

ಎರಡು ಮೂಲಗಳು ಎಂದೂ ಕೂಡಬಾರದು

ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಜೋಡಿಸುವುದು ಪ್ರಾಣಾಂತಿಕವಾದ ಕೆಲಸ. ಮೆಯಿನ್ ಸ್ವಿಚ್ ಆರಿಸಲು ಮರೆತರೆ ಜನರೇಟರಿನ ವಿದ್ಯುತ್ ಮೀಟರನ್ನು ದಾಟಿ ಊರಿನ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿಯುತ್ತದೆ. 11,000 ವೋಲ್ಟನ್ನು ಇಳಿಸಿಕೊಡುವ ಅದೇ ಟ್ರಾನ್ಸ್‌ಫಾರ್ಮರ್ ಆಗ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಇದರಿಂದ ಸಾಯಬಹುದು. ಕರೆಂಟು ಮರಳಿ ಬಂದರೆ ಜನರೇಟರೂ ಸುಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಚೇಂಜ್‌ಓವರ್ ಸ್ವಿಚ್. ಇದರ ಹಿಡಿಕೆ ಒಂದು ಕಡೆ ಮನೆಯ ವಿದ್ಯುತ್ತನ್ನು, ಇನ್ನೊಂದು ಕಡೆ ಜನರೇಟರನ್ನು ಜೋಡಿಸುತ್ತದೆ. ನಡುವೆ ಎರಡೂ ಕಡಿದಿರುತ್ತವೆ. ಒಂದೇ ಫೇಸಿನ ಯಂತ್ರಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲಿನ ಸ್ವಿಚ್, ಮೂರು ಫೇಸಿನದಕ್ಕೆ ನಾಲ್ಕು ಪೋಲಿನ ಸ್ವಿಚ್ ಹಾಕಬೇಕು. ಅರ್ತ್ ತಂತಿಯನ್ನು ಯಾವ ಸ್ವಿಚ್ಚಿನಲ್ಲೂ ಕಡಿಯಕೂಡದು.

ನ್ಯೂಟ್ರಲ್ ಮತ್ತು ಅರ್ತಿಂಗ್

ವಾಹನವು ರಬ್ಬರ್ ಚಕ್ರಗಳ ಮೇಲೆ ನಿಂತಿರುವುದರಿಂದ ಅದಕ್ಕೆ ತಾನಾಗಿ ಭೂಸಂಪರ್ಕವಿರುವುದಿಲ್ಲ. ಆದ್ದರಿಂದ ಜನರೇಟರಿನ ಚೌಕಟ್ಟು, ಮೋಟಾರಿನ ಮೈ, ಸ್ವಿಚ್ ಪೆಟ್ಟಿಗೆ ಮತ್ತು ವಾಹನದ ಚಾಸಿಗಳನ್ನು ಅರ್ತ್ ತಂತಿಯಿಂದ ಒಂದಕ್ಕೊಂದು ಬಿಗಿಯಾಗಿ ಜೋಡಿಸಬೇಕು.

ನೆಲಕ್ಕೆ ಸರಳು ಹೊಡೆದ ಮಾತ್ರಕ್ಕೆ ಸುರಕ್ಷಿತವೆಂದು ತಿಳಿಯುವುದು ತಪ್ಪು. ಸರಳಿನ ಪ್ರತಿರೋಧ 50 ಓಮ್ ಇದ್ದರೆ 230 ವೋಲ್ಟಿನಲ್ಲಿ ಹರಿಯುವುದು 5 ಆಂಪಿಯರಿಗಿಂತ ಕಡಿಮೆ. ಇಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ. ಯಂತ್ರದ ಮೈಯಲ್ಲಿ ಕರೆಂಟು ಉಳಿಯುತ್ತದೆ. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅತ್ಯಗತ್ಯ.

ಅನೇಕ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು ಚೌಕಟ್ಟಿಗೆ ಜೋಡಿಸಿರುವುದಿಲ್ಲ. ಆಗ ಸೋರುವ ವಿದ್ಯುತ್ ಮರಳಲು ದಾರಿಯಿಲ್ಲದೆ ಆರ್‌ಸಿಸಿಬಿ ಕೆಲಸ ಮಾಡದಿರಬಹುದು. ತಯಾರಕರ ಕೈಪಿಡಿ ಒಪ್ಪಿದಲ್ಲಿ, ಚೇಂಜ್‌ಓವರಿನ ಜನರೇಟರ್ ಬದಿಯಲ್ಲಿ ಒಂದೇ ಒಂದು ಕಡೆ ನ್ಯೂಟ್ರಲ್ಲನ್ನು ಚೌಕಟ್ಟಿಗೆ ಜೋಡಿಸಬೇಕು. ಮನೆಯ ವಿದ್ಯುತ್ ಬಳಸುವಾಗ ಈ ಜೋಡಣೆ ಇರಕೂಡದು. ಇದ್ದರೆ ಮನೆಯ ನ್ಯೂಟ್ರಲ್ ತಂತಿ ಕಡಿದಾಗ ವಾಹನದ ಮೈಗೇ ಕರೆಂಟು ಬರುತ್ತದೆ. ಎರಡು ಪೋಲಿನ ಸ್ವಿಚ್ ಬೇಕೆನ್ನುವುದು ಇದೇ ಕಾರಣಕ್ಕೆ.

ಜನರೇಟರಿನ ಗಾತ್ರ ಮತ್ತು ವೈರು

ಒಂದೇ ಫೇಸಿನ 2 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಆದರೆ ಹೊರಡುವಾಗ ಅದರ ಐದಾರು ಪಟ್ಟು ಬೇಡುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವ 2.3 ಕೆವಿಎಗೆ ಬದಲಾಗಿ 5 ರಿಂದ 6 ಕೆವಿಎ ಸಾಮರ್ಥ್ಯದ ಜನರೇಟರ್ ಆರಿಸುವುದು ಲೇಸು. ಒಂದಕ್ಕಿಂತ ಹೆಚ್ಚು ಮೋಟಾರುಗಳಿದ್ದರೆ ದೊಡ್ಡದನ್ನು ಮೊದಲು ಚಾಲೂ ಮಾಡಬೇಕು.

ವಾಹನದ ಅದುರಾಟಕ್ಕೆ ಒಂಟಿ ಎಳೆಯ ಗಟ್ಟಿ ತಂತಿ ಮುರಿಯುತ್ತದೆ. ಹಲವು ಎಳೆಗಳ, ರಬ್ಬರ್ ಹೊದಿಕೆಯ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬಳಸಬೇಕು. ತಗಡನ್ನು ಹಾಯುವ ಕಡೆ ರಬ್ಬರ್ ಬುಷ್ ಹಾಕಬೇಕು.

ಹೊಗೆಯ ವಿಷ

ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಂತೆಂದು ಜನರೇಟರನ್ನು ಕೊಟ್ಟಿಗೆಯೊಳಗೆ ಅಥವಾ ಟಾರ್ಪಾಲಿನಡಿ ಓಡಿಸಿದರೆ ಒಳಗಿನವರು ಎಚ್ಚರ ತಪ್ಪಿ ಸಾಯಬಹುದು. ಹೊಗೆ ಜನರಿಂದ ದೂರಕ್ಕೆ ಹೋಗುವಂತೆ ಬಯಲಿನಲ್ಲಿ, ಗಾಳಿಯಾಡುವ ಮಾಡಿನ ಕೆಳಗೆ ಮಾತ್ರ ಓಡಿಸಬೇಕು. ಅಡಿಕೆ ಬೇಯಿಸುವ ಒಲೆಯ ಬಳಿ ಇಂಧನ ತುಂಬಕೂಡದು.

ಪ್ರತಿದಿನದ ಕ್ರಮ

1. ವಾಹನಕ್ಕೆ ಒತ್ತುಗಲ್ಲು ಕೊಟ್ಟು, ಅರ್ತ್ ತಂತಿಗಳ ಬಿಗಿ ನೋಡುವುದು.

2. ಚೇಂಜ್‌ಓವರನ್ನು ನಡುವೆ ಇಟ್ಟು ಜನರೇಟರ್ ಚಾಲೂ ಮಾಡುವುದು. ಓಟ ಸ್ಥಿರವಾದ ಮೇಲೆ ಹಿಡಿಕೆ ತಿರುಗಿಸುವುದು.

3. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ಅದು ಬೀಳುವುದನ್ನು ಖಚಿತಪಡಿಸಿಕೊಳ್ಳುವುದು. ಇದು ಆರ್‌ಸಿಸಿಬಿಯ ಪರೀಕ್ಷೆಯೇ ಹೊರತು ಅರ್ತಿಂಗಿನದಲ್ಲ.

4. ಒದ್ದೆ ಕೈಯಿಂದ ಸ್ವಿಚ್ ಮುಟ್ಟದಿರುವುದು; ಕೆಲಸ ಮುಗಿದಾಗ ಮೊದಲು ಮೋಟಾರು, ನಂತರ ಜನರೇಟರ್ ನಿಲ್ಲಿಸುವುದು.

5. ಎಂಜಿನ್ ತಣಿದ ಮೇಲೆಯೇ ಇಂಧನ ತುಂಬುವುದು.

ಈ ವೈರಿಂಗನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಪ್ರತಿ ಹಂಗಾಮಿನ ಮೊದಲು ಪರೀಕ್ಷಿಸಿಕೊಳ್ಳಬೇಕು. ಜನರೇಟರಿನಿಂದ ಇಡೀ ಮನೆಗೆ ವಿದ್ಯುತ್ ಕೊಡುವುದಾದರೆ ಮೀಟರಿನ ನಂತರ ಪ್ರತ್ಯೇಕ ಚೇಂಜ್‌ಓವರ್ ಹಾಕಿಸಿ ಮೆಸ್ಕಾಂ ಕಚೇರಿಗೆ ತಿಳಿಸಬೇಕು. ಒಂದು ಸ್ವಿಚ್ಚಿನ ಖರ್ಚನ್ನು ಉಳಿಸಲು ಹೋಗಿ ಯಂತ್ರದ ಮುಂದೆ ಕೂತವರ, ಕಂಬ ಹತ್ತಿದವರ ಜೀವಕ್ಕೆ ಕುತ್ತು ತರಬಾರದು.